ಕುರ್ಚಿಗಳಿಗೆ ಕಾಲುಚೀಲ

ನನ್ನ ಮಗಳು ಗುಬ್ಬಿಗೆ ಕಿವಿ ಕೇಳಿಸುವುದಿಲ್ಲ ಎಂದು ಹೆಡ್ ಮೇಡಂ ಹೇಳಿದಾಗ ನನಗೆ ಪಿತ್ತ ನೆತ್ತಿಗೇರಿತು. ನಾನು ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ನನ್ನ ಮಿಷನ್ನು. ಗುಬ್ಬಿ ಅಡುಗೆಮನೆಯಲ್ಲಿ ಕೂತು, “ಅಮ್ಮಾ, ಕೆಳಗಿನ ದಾರ ಮುಗೀತಿದೆ” ಎನ್ನುತ್ತಾಳೆ. ಬಾಬಿನ್ ತೆಗೆದು ನೋಡಿದರೆ ನಿಜವಾಗಿಯೂ ಒಂದು ಗೇಣು ದಾರ ಉಳಿದಿರುತ್ತದೆ. ಇಪ್ಪತ್ತು ವರ್ಷ ಹೊಲಿದ ನನಗೇ ಗೊತ್ತಾಗದ ಸದ್ದು ಅದು. ಇಂಥವಳಿಗೆ ಕಿವಿ ಇಲ್ಲವಂತೆ!

“ಹೆಸರು ಹಿಡಿದು ಹತ್ತು ಸಲ ಕೂಗಿದ್ರೂ ತಿರುಗಲ್ಲ. ಪಾಠ ಹೇಳೋದು ಗೋಡೆಗೆ ಹೇಳಿದ ಹಾಗೆ. ಕಿವಿ ಮುಚ್ಕೊಂಡು ಡೆಸ್ಕ್ ಕೆಳಗೆ ಕೂತ್ಕೋತಾಳೆ,” ಎಂದರು ಮೇಡಂ. “ಸೋಮವಾರ ನಾನೇ ಕ್ಲಾಸಿಗೆ ಬಂದು ನೋಡ್ತೀನಿ. ಆಗಲ್ಲ ಅಂದ್ರೆ ನೀವು ಬೇರೆ ಸ್ಕೂಲ್ ನೋಡ್ಕೊಳ್ಳಿ.”

ಡಾಕ್ಟರು ಬರೆದುಕೊಟ್ಟ ಕಾಗದ ತೋರಿಸಿದೆ. ಗುಬ್ಬಿಗೆ ಆಟಿಸಂ ಇದೆ. ಕಿವಿ ಸರಿಯಾಗಿಯೇ ಇದೆ, ಆದರೆ ಬೇಕಾದ ಸದ್ದನ್ನು ಆರಿಸಿಕೊಂಡು ಬೇಡದ್ದನ್ನು ಹೊರಗಿಡುವುದು ಅವಳಿಗೆ ಕಷ್ಟ, ಕೆಲವು ಸದ್ದುಗಳಿಂದ ನೋವೇ ಆಗುತ್ತದೆ ಎಂದಿತ್ತು. ಮೇಡಂ ಓದಿ, ಮಡಿಸಿ, ವಾಪಸು ಕೊಟ್ಟರು. ಬೆಳಗ್ಗೆ ಏಳಕ್ಕೇ ಬ್ಯಾಗು ಬೆನ್ನಿಗೇರಿಸಿ ಬಾಗಿಲಲ್ಲಿ ನಿಲ್ಲುವ ಹುಡುಗಿಗೆ ಇನ್ನು ಸ್ಕೂಲಿಲ್ಲ ಅನ್ನಬೇಕಂತೆ. ಜಪ್ಪಯ್ಯ ಎಂದರೂ ಅನ್ನುವುದಿಲ್ಲ ಎಂದುಕೊಂಡೆ.

ಮೊದಲು ಮಾಡಿದ್ದು ಅಪ್ಪಟ ದರ್ಜಿಯ ತಪ್ಪು. ಏನೇ ತೊಂದರೆ ಹೇಳಿ, ನಾವು ಟೇಪು ಹಿಡಿದು ತೊಡುವವರ ಅಳತೆ ತೆಗೆಯುತ್ತೇವೆ. ಗುಬ್ಬಿಯ ತಲೆ ಅಳೆದು, ಕಿವಿಯ ಜಾಗಕ್ಕೆ ಹತ್ತಿ ತುಂಬಿ, ಒಂದು ಟೋಪಿ ಹೊಲಿದೆ. ಅವಳಿಗೆ ಬಲು ಖುಷಿ. ಮರುದಿನ ಡೆಸ್ಕಿನ ಕೆಳಗೆ ಹೋಗಲೇ ಇಲ್ಲ. ಆದರೆ ಟೀಚರ ಮಾತೂ ಟೋಪಿಯ ಹೊರಗೇ ಉಳಿಯಿತು. ಇಡೀ ದಿನ ನಗುನಗುತ್ತಾ ಕೂತು ಒಂದಕ್ಷರವೂ ಬರೆಯದೆ ಬಂದಳು.

ಶುಕ್ರವಾರ ಟೀಚರನ್ನು ಕಾಡಿ ಬೇಡಿ ಕ್ಲಾಸಿನ ಹಿಂದೆ ಕೂತೆ. ಕಣ್ಣು ಮುಚ್ಚಿ ಬರೀ ಕೇಳಿದೆ. ಮೂವತ್ತೆರಡು ಕಬ್ಬಿಣದ ಕುರ್ಚಿ, ಕಲ್ಲಿನ ನೆಲ. ಒಂದು ಮಗು ಎದ್ದರೆ ಕಿರ್ರ್, ಕೂತರೆ ಕಿರ್ರ್, ಪೆನ್ಸಿಲ್ ಬಿದ್ದು ಬಗ್ಗಿದರೆ ಕಿರ್ರ್. ಟೀಚರ ಒಂದು ವಾಕ್ಯವೂ ಇಡಿಯಾಗಿ ಮುಗಿಯಲಿಲ್ಲ. ಕಣ್ಣು ಬಿಟ್ಟು ನೋಡಿದರೆ, ಪ್ರತಿ ಕಿರ್ರ್‌ಗೂ ಗುಬ್ಬಿಯ ಭುಜ ಕಿವಿಯವರೆಗೆ ಏರುತ್ತಿತ್ತು. ನಾನು ಅಳತೆ ತೆಗೆಯಬೇಕಾಗಿದ್ದದ್ದು ಮಗುವಿನದಲ್ಲ, ಕುರ್ಚಿಯದು. ಪಾಠ ಮುಗಿದ ಕೂಡಲೇ ಟೇಪು ತೆಗೆದು ಕುರ್ಚಿಯ ಕಾಲು ಅಳೆದೆ.

ಶನಿವಾರ ಬೆಳಗ್ಗೆ ಕೋಟು ಹೊಲಿದು ಉಳಿದ ಉಣ್ಣೆ ಬಟ್ಟೆಯ ಚೂರುಗಳ ಮೂಟೆ ಬಿಚ್ಚಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

“ಕುರ್ಚಿಗೆ ಕಾಲುಚೀಲ ಹೊಲೀತೀಯಾ? ನಾಳೆ ಮೇಜಿಗೆ ಲಂಗಾನಾ?”

“ಮೇಡಂ ಕೇಳಿದ್ರೆ ಅದನ್ನೂ ಹೊಲೀತೀನಿ ಅತ್ತೆ. ಕತ್ತರಿ ತಗೊಳ್ಳಿ.”

ಮೊಮ್ಮಗಳಿಗೆ ಹಟ ಜಾಸ್ತಿ ಎಂದು ಊರಿಗೆಲ್ಲ ಹೇಳುವ ನಮ್ಮತ್ತೆ ಕತ್ತರಿ ಹಿಡಿದು ಕೂತರು. ಪರೀಕ್ಷೆ ಮಾಡುವವಳು ಗುಬ್ಬಿ. ಮೊದಲ ನಾಲ್ಕನ್ನು ಸ್ಟೂಲಿಗೆ ತೊಡಿಸಿ ಎಳೆದು, “ಇನ್ನೂ ಚುಚ್ಚುತ್ತೆ” ಎಂದಳು. ನಮಗೆ ಏನೂ ಕೇಳಿಸಿರಲಿಲ್ಲ. ಆದರೂ ಎರಡು ಪದರ ಮಾಡಿ, ಬಾಯಿಗೆ ಇಲಾಸ್ಟಿಕ್ ಕೊಟ್ಟೆ. ಮತ್ತೆ ಎಳೆದು, ಸರಿ ಎಂದು ತಲೆಯಾಡಿಸಿದಳು. ಟೀಚರ ಕುರ್ಚಿಯದೂ ಸೇರಿ ನೂರ ಮೂವತ್ತೆರಡು ಕಾಲು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮುಗಿದವು. ಕೊನೆಯಲ್ಲಿ ಕೆಂಪು ಬಟ್ಟೆ ಸ್ವಲ್ಪ ಉಳಿಯಿತು. ಅದರಲ್ಲೂ ನಾಲ್ಕು ಹೊಲಿದೆ. ಗುಬ್ಬಿ ಅವನ್ನು ಕೆನ್ನೆಗೆ ಉಜ್ಜಿಕೊಂಡು ಬ್ಯಾಗಿಗೆ ಹಾಕಿಕೊಂಡಳು.

ಸೋಮವಾರ ಬೆಲ್ ಹೊಡೆಯುವ ಮೊದಲೇ ನಾನೂ ಟೀಚರೂ ಮಂಡಿಯೂರಿ ಎಲ್ಲ ಕುರ್ಚಿಗಳಿಗೂ ತೊಡಿಸಿದೆವು. ನಾನು ಬಾಗಿಲ ಬಳಿ ನಿಂತೆ. ಟೀಚರು ಬೋರ್ಡಿನ ಮುಂದೆ ನಿಂತು, “ಮೂವತ್ತಾರರಲ್ಲಿ ಒಂಬತ್ತು ಕಳೆದ್ರೆ ಎಷ್ಟು? ಗುಬ್ಬಿ, ನೀನು ಹೇಳು” ಎಂದರು. ಗುಬ್ಬಿ ತಲೆ ಎತ್ತಿದಳು. ಬೆರಳು ಮಡಿಸತೊಡಗಿದಳು.

ಅಷ್ಟರಲ್ಲಿ ಹೆಡ್ ಮೇಡಂ ಬಂದರು. ಕೂರುವುದಕ್ಕೆಂದು ತಮ್ಮ ಆಫೀಸಿನ ಕುರ್ಚಿಯನ್ನು ತಾವೇ ಎಳೆದುಕೊಂಡು ಬಂದರು. ಕಿರ್ರ್ ಎನ್ನುತ್ತಾ ಅದು ಬಾಗಿಲಿನಿಂದ ಬೋರ್ಡಿನವರೆಗೂ ಹೋಯಿತು. ಆ ಕುರ್ಚಿ ನಮ್ಮ ಲೆಕ್ಕದಲ್ಲೇ ಇರಲಿಲ್ಲ. ಗುಬ್ಬಿ ಕಿವಿ ಮುಚ್ಚಿಕೊಂಡು ಡೆಸ್ಕಿನ ಕೆಳಗೆ ಇಳಿದಳು.

“ನೋಡಿದ್ರಾ?” ಎಂದು ಮೇಡಂ ಕುರ್ಚಿಯಲ್ಲಿ ಕೂತು ನನ್ನ ಕಡೆ ತಿರುಗಿದರು.

ಎಲ್ಲ ಮುಗಿಯಿತು ಎನ್ನಿಸಿ ಕಣ್ಣು ಮಂಜಾಯಿತು.

ಡೆಸ್ಕಿನ ಕೆಳಗೆ ಬ್ಯಾಗಿನ ಜಿಪ್ ಎಳೆದ ಸದ್ದಾಯಿತು. ಗುಬ್ಬಿ ಹೊರಗೆ ಬಂದಳು. ಕೈಯಲ್ಲಿ ಆ ನಾಲ್ಕು ಕೆಂಪು ಚೀಲ. ನೇರ ಮೇಡಂ ಹತ್ತಿರ ಹೋಗಿ, “ಏಳಿ” ಎಂದಳು.

ಏನು ತೋಚಿತೋ, ಮೇಡಂ ಎದ್ದರು. ಗುಬ್ಬಿ ನೆಲಕ್ಕೆ ಕೂತು ಕುರ್ಚಿಯ ಒಂದೊಂದೇ ಕಾಲೆತ್ತಿ ಚೀಲ ತೊಡಿಸಿದಳು. ಕುರ್ಚಿಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ ಕಿವಿಗೊಟ್ಟು ಕೇಳಿದಳು. ಆಮೇಲೆ ಎದ್ದು ನಿಂತಳು.

“ಇಪ್ಪತ್ತೇಳು.”

“ಏನು ಇಪ್ಪತ್ತೇಳು?” ಎಂದರು ಮೇಡಂ.

“ಟೀಚರ್ ಕೇಳಿದ್ರು. ನೀವು ಬರೋಕೆ ಮುಂಚೆ.”

ಮೇಡಂ ಟೀಚರಿಗೆ ಪಾಠ ಮುಂದುವರಿಸಲು ಹೇಳಿ ಕೂತರು. ಗುಬ್ಬಿ ಪುಸ್ತಕ ತೆಗೆದು ಬರೆಯತೊಡಗಿದಳು. ಪಾಠ ಮುಗಿದಾಗ ಮೇಡಂ ಆ ಕುರ್ಚಿಯನ್ನು ಕೆಂಪು ಕಾಲುಚೀಲದ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು ಆಫೀಸಿಗೆ ಹೋದರು.