ಜೀಟಾಳ ಹಲ್ಲಿನ ಬಣ್ಣ

ಜೀಟಾ ಸುರೆಟ್‌ಳ ಮುಂದಿನ ಹಲ್ಲಿನ ಹುಳುಕಿಗೆ ಡಾಕ್ಟರ್ ಲೋವಿಟ್ ಅವಳದಲ್ಲದ ಬಣ್ಣ ತುಂಬಿ ಕಳಿಸಿದ.

ಕ್ಲಿನಿಕ್ಕಿನ ಕೈಗನ್ನಡಿಯಲ್ಲಿ ಎಲ್ಲ ಸರಿಯಾಗಿಯೇ ಕಂಡಿತ್ತು. ಮರುದಿನ ಮೀನಿನ ಕಾರ್ಖಾನೆಯ ಊಟದ ಕೋಣೆಯಲ್ಲಿ ಅವಳು ಯಾವುದೋ ಮಾತಿಗೆ ನಕ್ಕಳು. ಎದುರಿಗಿದ್ದ ಎಲ್ಮೀರಾ ಕಚ್ಚಲು ಎತ್ತಿದ ಬ್ರೆಡ್ಡನ್ನು ಕೆಳಗಿಟ್ಟಳು.

“ಏನೇ ಅದು? ಬಾಯೊಳಗೆ ಬಲ್ಬ್ ಹಾಕಿಸ್ಕೊಂಡ್ ಬಂದಿದೀಯಾ?”

“ಹಲ್ಲಿನ ಬಣ್ಣದ್ದೇ ತುಂಬಿದಾರೆ ಕಣೇ.”

“ಹಲ್ಲಿನ ಬಣ್ಣವೇ, ಒಪ್ದೆ. ಯಾರ ಹಲ್ಲಿಂದು? ಮಾಲೀಕನ ಹೆಂಡ್ತೀದಾ?”

ಕೋಣೆಯೆಲ್ಲ ಗೊಳ್ಳೆಂದಿತು. ಜೀಟಾಳವು ಒಲೆಯ ಮೇಲೆ ಕುದ್ದು ಕಪ್ಪಾದ ಚಹಾವನ್ನು ನಲವತ್ತು ವರ್ಷ ಕುಡಿದ ಹಲ್ಲುಗಳು. ಅವುಗಳ ನಡುವೆ ಆ ಬಿಳಿ ಚುಕ್ಕೆ ಹಳೇ ಅಡುಗೆಮನೆಗೆ ತಂದಿಟ್ಟ ಹೊಸ ಫ್ರಿಜ್ಜಿನಂತೆ ನಿಂತಿತ್ತು.

ನಗು ನಿಂತಿತು. ಎಲ್ಲರಿಗೂ ಒಂದೇ ಯೋಚನೆ ಬಂದಿತ್ತು. ನಾಳೆ ಹತ್ತು ಗಂಟೆಗೆ ಕಂಪನಿಯವರ ಎದುರು ಕೂತು ಇವರೆಲ್ಲರ ಪರವಾಗಿ ಮಾತಾಡಬೇಕಾದವಳು ಜೀಟಾ. ಕೇಳಬೇಕಾದದ್ದು ಇಷ್ಟೇ: ಹೆಂಗಸರು ಸೂಪರ್‌ವೈಸರನ ಮುಂದೆ ಕೈಯೆತ್ತಿ ಅಪ್ಪಣೆ ಕೇಳದೆ ಕಕ್ಕಸಿಗೆ ಹೋಗುವಂತಾಗಬೇಕು. ಕಳೆದ ಸಲ ಅವಳು ಬಾಯಿ ತೆರೆದ ಕೂಡಲೇ ಕಂಪನಿಯ ವಕೀಲ ಅವಳ ಸ್ವೆಟರನ್ನು ಹೊಗಳಿದ್ದ. ಎಲ್ಲರೂ ನಕ್ಕಿದ್ದರು. ಕಕ್ಕಸಿನ ಮಾತು ಅಲ್ಲಿಗೇ ಮುಗಿದಿತ್ತು.

“ನಾಳೆ ಹಲ್ಲು ಹೊಗಳ್ತಾನೆ ನೋಡು,” ಎಂದಳು ಎಲ್ಮೀರಾ.

ಜೀಟಾ ಪಾಳಿ ಮುಗಿದದ್ದೇ ರಬ್ಬರ್ ಬೂಟಿನಲ್ಲೇ ಕ್ಲಿನಿಕ್ಕಿಗೆ ನಡೆದಳು.

ಲೋವಿಟ್‌ಗೆ ಅವಳ ಮಗನ ವಯಸ್ಸು. ಬಾಯಲ್ಲಿ ಇಣುಕಿ, “ಒಂದೇ ಬಣ್ಣ ಬರೋ ಹಾಗೆ ನಾನೇ ಹೊಂದಿಸಿದ್ದೆ ಮೇಡಂ,” ಎಂದ.

“ಯಾವಾಗ ಹೊಂದಿಸಿದ್ರಿ?”

“ಹುಳುಕು ಕೊರೆದು, ಹಲ್ಲು ಚೆನ್ನಾಗಿ ಒಣಗಿಸಿದ ಮೇಲೆ…”

“ಒಣಗಿಸಿದ ಮೇಲಾ!”

ಕೆಳಗಿನಿಂದ ದೀಪ ಉರಿಯುವ ಮೇಜಿನ ಮುಂದೆ ನಿಂತು ಮೀನಿನ ಹೋಳುಗಳನ್ನು ಬಣ್ಣ ನೋಡಿ ಬೇರ್ಪಡಿಸುವುದು ಜೀಟಾಳ ಮೂವತ್ತು ವರ್ಷದ ಕೆಲಸ. ಗಾಳಿಗೆ ಒಣಗಿದ ಹೋಳು ಬಿಳಿಚಿಕೊಳ್ಳುತ್ತದೆ, ಅದನ್ನು ನಂಬಬಾರದು ಎಂದು ನಿನ್ನೆ ಸೇರಿದ ಹುಡುಗಿಗೂ ಅಲ್ಲಿ ಗೊತ್ತು.

“ಒದ್ದೆಯಾಗಿರೋವಾಗ ಬಣ್ಣ ನೋಡ್ಬೇಕು ಡಾಕ್ಟ್ರೇ. ನಮ್ಮಲ್ಲಿ ಹೀಗ್ ಮಾಡಿದ್ರೆ ಸಂಜೆಯೊಳಗೆ ಮನೆಗೆ ಕಳಿಸ್ತಾರೆ.”

ಲೋವಿಟ್‌ನ ಕಿವಿ ಕೆಂಪಾಯಿತು. ಆದರೂ ಓದಿದವನು, ಸಾವರಿಸಿಕೊಂಡ. ಕಪಾಟಿನಿಂದ ಒಂದು ಬಿಳಿ ಡಬ್ಬಿ ತೆಗೆದ.

“ತುಂಬಿದ್ದು ಹಾಗೇ ಇರ್ಲಿ. ಉಳಿದ ಹಲ್ಲುಗಳನ್ನ ಬಿಳಿ ಮಾಡ್ಕೊಂಡ್ಬಿಡಿ. ಈ ಔಷಧಿ ಎರಡು ವಾರ ಹಚ್ಚಿ, ಪುಕ್ಕಟೆ ಕೊಡ್ತೀನಿ. ಚಹಾ ಮಾತ್ರ ಮುಟ್ಟಬಾರ್ದು.”

ಜೀಟಾ ಡಬ್ಬಿಯನ್ನು ನೋಡಿದಳು, ಅವನನ್ನು ನೋಡಿದಳು.

“ಅಂದ್ರೆ ಕೆಟ್ಟಿರೋದು ಒಂದು, ತಿದ್ಕೋಬೇಕಾದ್ದು ಮಿಕ್ಕಿದ್ದೆಲ್ಲಾ. ನೀವು ನಮ್ಮ ಕಂಪನೀಲಿ ಮ್ಯಾನೇಜರ್ ಆಗ್ಬೇಕಿತ್ತು.”

ಹೀಗೆಂದವಳೇ ಕುರ್ಚಿಯಲ್ಲಿ ಕಾಲು ಚಾಚಿ ಒರಗಿದಳು. ಬೂಟಿನಿಂದ ಉಪ್ಪುನೀರು ನೆಲಕ್ಕೆ ತೊಟ್ಟಿಕ್ಕಿತು. ತಟ್ಟೆಯಲ್ಲಿದ್ದ ಬಣ್ಣದ ಮಾದರಿ ಹಲ್ಲುಗಳ ಗೊಂಚಲನ್ನು ಎತ್ತಿಕೊಂಡಳು. ತನ್ನ ಹಲ್ಲನ್ನು ನಾಲಗೆಯಿಂದ ಒದ್ದೆ ಮಾಡಿ, ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ, ಕನ್ನಡಿ ಹಿಡಿದು ಒಂದೊಂದನ್ನೇ ಅದರ ಪಕ್ಕಕ್ಕೆ ತಂದು ನೋಡಿದಳು. ಕೊನೆಯದು ಹೊಂದಿತು.

“ಇದು. ಹಳೇದು ಕೆರೆದು ಇದನ್ನ ತುಂಬಿ.”

“ಅಷ್ಟು ಹಳದಿ ಯಾರೂ ಕೇಳಲ್ಲ ಮೇಡಂ!”

“ನಾನು ಕೇಳ್ತಿದೀನಲ್ಲ.”

ಸ್ವಾಗತದ ಮೇಜಿನ ಬೆರಿಲ್ ಬಾಗಿಲಲ್ಲಿ ತಲೆ ಹಾಕಿದಳು. “ಏಳೇ ಜೀಟಾ, ಹೊರಗೆ ಮೂರು ಜನ ಕಾಯ್ತಿದಾರೆ.”

“ನನ್ನ ಹಿಂದೆ ಇಪ್ಪತ್ತಾರು ಜನ ಕಾಯ್ತಿದಾರೆ ಬೆರಿಲ್. ಅದೂ ಕಕ್ಕಸಿಗೆ.”

“ನಾಡಿದ್ದು ಬನ್ನಿ, ನೋಡೋಣ,” ಎಂದ ಲೋವಿಟ್. “ಈಗ ದಯವಿಟ್ಟು ಏಳಿ.”

“ಏಳಲ್ಲ,” ಎಂದಳು ಜೀಟಾ.