ಮಾಳಿಗೆಗೆ ಹಾಕಿದ ಮಣ್ಣು

ಪೆಟ್ರೋಲ್ ಬಂಕಿನ ಮಣ್ಣನ್ನು ಮನೆಯ ಮಾಳಿಗೆಗೆ ಹಾಕುವ ಬುದ್ಧಿ ಯಾರಿಗಾದರೂ ಬರುತ್ತದೆಯೇ? ಓಬಳೇಶನಿಗೆ ಬಂದಿತ್ತು. ಮೊಳಕಾಲ್ಮೂರು ರಸ್ತೆಯ ಬಂಕಿನಲ್ಲಿ ನೆಲದೊಳಗಿನ ಟ್ಯಾಂಕ್ ಸೋರಿ, ಸುತ್ತಲಿನ ಮಣ್ಣೆಲ್ಲ ಪೆಟ್ರೋಲ್ ಕುಡಿದಿತ್ತು. ಅದನ್ನು ಜೆಸಿಬಿಯಲ್ಲಿ ಅಗೆದು ರಾಶಿ ಹಾಕುವ ಕೆಲಸ ಅವನದು. ಮಳೆಗೆ ಸೋರದಂತೆ ಮನೆಯ ಮಣ್ಣಿನ ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಬೇಕೆಂದು ಅವ್ವ ಹೊನ್ನಕ್ಕ ದಿನಾ ತಲೆ ತಿನ್ನುತ್ತಿದ್ದಳು. ತೊಲೆಗಳಿಗೆ ಗೆದ್ದಲು ಬೇರೆ. ಗೆದ್ದಲಿಗೆ ಸೀಮೆಎಣ್ಣೆ ಬಳಿಯುವ ಊರು ಅದು; ಈ ವಾಸನೆಗೆ ಗೆದ್ದಲು ದಿಕ್ಕಾಪಾಲಾಗುತ್ತದೆಂದು, ಬೆಳಿಗ್ಗೆ ಯಾರಿಗೂ ಹೇಳದೆ ಒಂದು ಟ್ರೇಲರ್ ಮಣ್ಣು ತನ್ನೂರು ಸಿದ್ದಾಪುರಕ್ಕೆ ಸಾಗಿಸಿ, ಮಾಳಿಗೆಗೆ ಏರಿಸಿ ಬಂದಿದ್ದ. ಜಾಣ!

ಮಧ್ಯಾಹ್ನ ಎಂಜಿನಿಯರ್ ಮಹಾಂತೇಶ್ ಬಂದು ರಾಶಿಗೆ ಪೆಟ್ರೋಲ್ ಆವಿ ಅಳೆಯುವ ಮೀಟರ್ ಹಿಡಿದರು. ಅದು ಕಿರುಚತೊಡಗಿತು.

“ಯಾರೂ ಬೀಡಿ ಹಚ್ಚಬೇಡ್ರಪ್ಪ! ಈ ಮಣ್ಣಿನ ಆವಿ ಕೆಳಕ್ಕಿಳಿದು ನಿಲ್ತೈತೆ. ಒಂದು ಕಿಡಿ ಸಾಕು.”

ಓಬಳೇಶ ಜೆಸಿಬಿಯಿಂದ ಕೆಳಗೆ ಹಾರಿದ. ಮನೆಯ ಮಾಳಿಗೆಯಲ್ಲಿ ಹೊಗೆ ಹೋಗಲು ಬಿಟ್ಟ ಗವಾಕ್ಷಿ ಸರಿಯಾಗಿ ಒಲೆಯ ಮೇಲೇ ಇತ್ತು. ಅವ್ವನಿಗೆ ಫೋನ್ ಮಾಡಿದ, ಎತ್ತಲಿಲ್ಲ. ಜೀವ ಕೈಯಲ್ಲಿ ಹಿಡಿದುಕೊಂಡು ಬೈಕ್ ಓಡಿಸಿದ.

ಹೊನ್ನಕ್ಕ ಇನ್ನೂ ಒಲೆ ಹಚ್ಚಿರಲಿಲ್ಲ. ಹೊಸ ಮಣ್ಣು ಹಾಕಿದ ದಿನ ಮಾಳಿಗೆಗೆ ಕರ್ಪೂರ ಬೆಳಗಿದ ಮೇಲೇ ಅವಳ ಅಡುಗೆ. ಉರಿಯುವ ಕರ್ಪೂರದ ತಟ್ಟೆ ಹಿಡಿದು ಏಣಿಯ ಅರ್ಧ ಏರಿದ್ದಳು!

ಓಬಳೇಶ ಹಾರಿ ತಟ್ಟೆ ಕಿತ್ತು ಎಮ್ಮೆಯ ಮುಸುರೆ ಬಾನಿಗೆ ಎಸೆದ.

“ದೇವರ ಬೆಳಕನ್ನ ಮುಸುರೆಗೆ ಹಾಕಿದ್ಯಲ್ಲೋ, ನಿನ್ ಕೈ ಸೇದೋಗ!” ಇಳಿದವಳೇ ಕಪಾಳಕ್ಕೆ ಬಾರಿಸಿದಳು.

“ಹೊಡಿಯವ್ವ, ಇನ್ನೂ ಹೊಡಿ. ಆ ಮಣ್ಣಲ್ಲಿ ಪೆಟ್ರೋಲೈತೆ. ಕಿಡಿ ತಾಕಿದ್ರೆ ನೀನು ಸುಟ್ಟೋಗ್ತಿದ್ದೆ.” ಹೇಳುತ್ತಲೇ ಅವನಿಗೆ ಅಳು ಬಂತು.

ಹೊನ್ನಕ್ಕನ ಮುಖ ಬಿಳಿಚಿಕೊಂಡಿತು.

“ಅಯ್ಯೋ ಶಿವನೇ! ಮಿಕ್ಕಿದ್ದನ್ನ ಮೂಗಮ್ಮನ ಮಾಳಿಗೆಗೆ ಹಾಕ್ಸಿದೀನಲ್ಲೋ!”

ಪಕ್ಕದ ಮನೆಯ ಮೂಗಮ್ಮನಿಗೆ ಕರ್ಪೂರದ ಗೊಡವೆಯಿಲ್ಲ; ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿಯುವವಳು. ತಾಯಿ ಮಗ ಇಬ್ಬರೂ ಬಿದ್ದಂಬೀಳ ಅತ್ತ ಓಡಿದರು. ಬಾಗಿಲಲ್ಲೇ ಮೂಗಮ್ಮ ಎದುರಾದಳು, ಕೈಯಲ್ಲೊಂದು ಮಡಕೆಯ ಓಡು.

“ಏನೇ ಹೊನ್ನಕ್ಕ, ಇನ್ನೂ ಒಲೆ ಹಚ್ಚಿಲ್ವಾ? ಕಡ್ಡಿಪೊಟ್ಣ ಖಾಲಿ. ಎರಡು ಕೆಂಡ ಕೊಡ್ತಿಯೇನೋ ಅಂತ ಆಗ್ಲಿಂದ ಕಾಯ್ತಿದೀನಿ.”

ಹೊನ್ನಕ್ಕ ಅವಳನ್ನು ಬಾಚಿ ತಬ್ಬಿಕೊಂಡು ಗೋಳೋ ಎಂದು ಅತ್ತಳು. ಮೂಗಮ್ಮ ಏನೂ ತಿಳಿಯದೆ ಓಡು ಹಿಡಿದುಕೊಂಡೇ ನಿಂತಿದ್ದಳು.

ಓಬಳೇಶ ದೂರ ಹೋಗಿ ಮಹಾಂತೇಶರಿಗೆ ಫೋನ್ ಮಾಡಿದ. ಕೆಲಸ ಹೋಗುವುದು ಗ್ಯಾರಂಟಿ. ಹೋಗಲಿ.

“ಸಾರ್, ರಾಶಿಯಿಂದ ಒಂದು ಟ್ರೇಲರ್ ಮಣ್ಣು ಕದ್ದೋನು ನಾನೇ. ಎರಡು ಮನೆ ಮಾಳಿಗೆ ಮ್ಯಾಲೈತೆ. ಬೇಗ ಬರ್ರಿ.”