ಅಮ್ಮನ ಕೆಂಪು ಲಂಗ

ರಾಜಧಾನಿ ತಾಲಿನ್‌ನ ಬಸ್ ನಿಲ್ದಾಣದಲ್ಲಿ ಅಮ್ಮ ಇಳಿದಾಗ ಎಲ್ಲರೂ ಅವಳ ಲಂಗವನ್ನೇ ನೋಡಿದರು. ಕೆಂಡದಂಥ ಕೆಂಪು, ನಡುನಡುವೆ ಹಸಿರು ಹಳದಿ ಪಟ್ಟೆ. ನಮ್ಮ ಕಿಹ್ನು ದ್ವೀಪದಲ್ಲಿ ಹೆಂಗಸಿನ ಮನೆಯ ಸುದ್ದಿಯನ್ನು ಅವಳ ಲಂಗವೇ ಹೇಳುತ್ತದೆ. ಸುಖವಾಗಿದ್ದರೆ ಕೆಂಪು. ಸಾವಾದರೆ ಕಡುನೀಲಿ, ಕಪ್ಪು. ದುಃಖ ಸವೆದಂತೆ ಒಂದೊಂದೇ ಕೆಂಪು ಎಳೆ ಮರಳುತ್ತದೆ. ಅಣ್ಣ ಮಿಹ್ಕೆಲ್‌ನ ದೋಣಿ ಖಾಲಿಯಾಗಿ ದಡಕ್ಕೆ ಬಂದು ಎರಡು ವರ್ಷವಾಗಿತ್ತು. ಹೆಣ ಸಿಕ್ಕಿರಲಿಲ್ಲ, ಹಾಗಾಗಿ ಅಮ್ಮ ಕೆಂಪು ಬಿಟ್ಟಿರಲಿಲ್ಲ. ಚರ್ಚಿನಲ್ಲಿ ಈಗ ಅವಳ ಪಕ್ಕ ಯಾರೂ ನಿಲ್ಲುತ್ತಿರಲಿಲ್ಲ.

ಅವಳು ಬಂದದ್ದು ನನ್ನ ಮಾತು ಕೇಳಿ. ಈ ಊರಿಗೆ ಕೆಲಸಕ್ಕೆ ಬಂದ ಹೊಸತರಲ್ಲಿ, ಕ್ರಿಸ್ಮಸ್‌ಗೆ ಮುಂಚೆ, ಮಾರುಕಟ್ಟೆಯ ಟ್ರಾಮ್ ನಿಲ್ದಾಣದಲ್ಲಿ ನನಗೊಬ್ಬನ ಬೆನ್ನು ಕಂಡಿತ್ತು. ಎಡ ಹೆಗಲು ಇಳಿಬಿದ್ದು, ಥೇಟ್ ಮಿಹ್ಕೆಲ್‌ನದೇ. ಓಡುವಷ್ಟರಲ್ಲಿ ಟ್ರಾಮ್ ಹೊರಟುಹೋಯಿತು. ಅದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿಬಿಟ್ಟೆ. ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ನಾನು ಅಜ್ಜಿಯ ಕಥೆ ಕೇಳಿ ಬೆಳೆದವಳು. ಕಡಲು ಎಲ್ಲರನ್ನೂ ನುಂಗುವುದಿಲ್ಲ, ಕೆಲವರನ್ನು ಹೆಸರು ಮರೆಸಿ ಬೇರೆ ರೇವಿನಲ್ಲಿ ಇಳಿಸುತ್ತದೆ, ತೊಟ್ಟಿಲಲ್ಲಿ ಕರೆದ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಾರೆ ಎನ್ನುತ್ತಿದ್ದಳು ಅಜ್ಜಿ. ಅಮ್ಮ ಕೂಡ ಅದನ್ನು ಅದೇ ಬಾಯಲ್ಲಿ ಕೇಳಿದ್ದಳು.

ನನ್ನ ಕೋಣೆಯಲ್ಲಿ ಅವಳ ಚೀಲದಿಂದ ರೊಟ್ಟಿ, ಹೊಗೆಯಲ್ಲಿ ಬೇಯಿಸಿದ ಮೀನು ತೆಗೆಯುವಾಗ ತಳದಲ್ಲೊಂದು ಬಟ್ಟೆಯ ಗಂಟು ಕಂಡಿತು. ಕಡುನೀಲಿ, ಕಪ್ಪು.

"ಚಳಿಗಾಲದಲ್ಲಿ ನೇಯ್ದೆ," ಎಂದಳು ಅಮ್ಮ, ಮೀನಿನ ಮುಳ್ಳು ಬಿಡಿಸುತ್ತ. "ಇಲ್ಲೂ ಸಿಗ್ಲಿಲ್ಲ ಅಂದ್ರೆ ಅದನ್ನ ಹಾಕ್ಕೊಂಡೇ ಊರಿಗೆ ಹೋಗೋದು. ಪಾದ್ರಿಗೆ ಮಾತು ಕೊಟ್ಟಿದ್ದೀನಿ."

ವಾಪಸು ಬಸ್ಸು ಸಂಜೆ ಆರಕ್ಕೆ. ಅಷ್ಟರವರೆಗೆ ಊರು ಮುಗಿಯಬಾರದು ಎಂದುಕೊಂಡೆ. ಅಜ್ಜಿಯ ಕಥೆ ಮುಗಿಯುವ ಹೊತ್ತಿಗೆ "ಆಮೇಲೆ?" ಎಂದು ಕೇಳಿ ಕೇಳಿ ಎಳೆಯುತ್ತಿದ್ದೆನಲ್ಲ, ಹಾಗೆ ಬೀದಿಯಿಂದ ಬೀದಿಗೆ ಎಳೆದೆ. ಅರ್ಧ ಬೀದಿಗಳು ನನಗೂ ಹೊಸವು. ಅಮ್ಮ ಗೋಪುರಗಳತ್ತ ತಲೆ ಎತ್ತಲಿಲ್ಲ. ಅವಳ ಕಣ್ಣು ಗಂಡಸರ ಹೆಗಲ ಎತ್ತರದಲ್ಲೇ ಇತ್ತು. ಕೋಟೆಯ ಗುಡ್ಡದ ಮೇಲೆ ಪ್ರವಾಸಿಗರು ಅವಳ ಲಂಗದ ಫೋಟೋ ತೆಗೆದುಕೊಂಡರು.

"ಇವ್ರ ಊರಲ್ಲಿ ಹೆಂಗಸ್ರಿಗೆ ಲಂಗ ಇಲ್ವೇನೆ?" ಎಂದಳು. "ಪಾಪ, ಚಡ್ಡೀಲೇ ಕಾಲ ಹಾಕ್ತಾರೆ ಅನ್ಸತ್ತೆ."

ನಾನು ನಕ್ಕೆ. ಅವಳೂ ನಗುತ್ತಾಳೇನೋ ಎಂದು ನೋಡಿದೆ. ಅಷ್ಟರಲ್ಲಿ ಯಾರದೋ ಬೆನ್ನಿನ ಹಿಂದೆ ಹೋಗಿಬಿಟ್ಟಿದ್ದಳು.

ಬಂದರಿನಲ್ಲಿ ಹಡಗಿನ ಸಾಲಿನ ಉದ್ದಕ್ಕೂ ನಡೆದು "ಮಿಕ್ಕು, ಮಿಕ್ಕು" ಎಂದು ಅಣ್ಣನ ತೊಟ್ಟಿಲ ಹೆಸರು ಹಿಡಿದು ಮೆಲ್ಲಗೆ ಕರೆದಳು. ಯಾರೂ ತಿರುಗಲಿಲ್ಲ. ನಾಲ್ಕು ಗಂಟೆಗೆ ಅವಳ ಕಾಲು ಬಾತುಕೊಂಡಿತು. ಆಗ ಕೇಳಿದಳು.

"ಬೆಳಗ್ಗಿಂದ ಆ ಟ್ರಾಮ್ ನಿಲ್ದಾಣ ಒಂದು ಬಿಟ್ಟು ಎಲ್ಲಾ ತೋರಿಸ್ದೆ. ಯಾಕೆ?"

ನನ್ನ ಬಳಿ ಬೀದಿಗಳು ಮುಗಿದಿದ್ದವು.

ಆ ನಿಲ್ದಾಣಕ್ಕೆ ಹೋಗಿ ಬೆಂಚಿನ ಮೇಲೆ ಕೂತೆವು. ಆರೇಳು ಟ್ರಾಮ್‌ಗಳು ಬಂದು ಹೋದವು. ಆಮೇಲೆ ಅವನು ಬಂದ. ಕೈಯಲ್ಲಿ ಈರುಳ್ಳಿಯ ಚೀಲ, ಇಳಿಬಿದ್ದ ಎಡ ಹೆಗಲು, ಬೆನ್ನು ನಮ್ಮ ಕಡೆ. ನಾನು ಅಮ್ಮನ ಕೈ ಹಿಡಿಯುವ ಮೊದಲೇ ಅವಳು ಎದ್ದು ನಿಂತಿದ್ದಳು.

"ಮಿಕ್ಕು."

ಅವನು ತಿರುಗಿದ. ಅಜ್ಜಿ ಹೇಳಿದ್ದು ಅಷ್ಟರಮಟ್ಟಿಗೆ ನಿಜವಾಯಿತು. ನಲವತ್ತು ದಾಟಿದ ಮುಖ, ಬೆಳ್ಳಗಾದ ಹುಬ್ಬು. ಯಾರೋ. ದಾರಿ ತಪ್ಪಿದೆಯೇ, ಎಲ್ಲಿಗೆ ಹೋಗಬೇಕು ಎಂದು ಮರ್ಯಾದೆಯಿಂದ ಕೇಳಿದ. ಅಮ್ಮ ಅವನ ಮುಖವನ್ನು ತುಂಬ ಹೊತ್ತು ನೋಡಿದಳು.

"ಏನಿಲ್ಲಪ್ಪ. ನಿನ್ನ ಟ್ರಾಮ್ ಬಂತು ನೋಡು," ಎಂದಳು.

ಇವನಲ್ಲದಿದ್ದರೆ ಇನ್ನೊಬ್ಬನಿರಬಹುದು, ಕಡಲಿಗೆ ಬೇರೆ ರೇವುಗಳೂ ಇವೆ, ರೀಗಾ ಇದೆ, ಹೆಲ್ಸಿಂಕಿ ಇದೆ ಎಂದು ನಾನು ಏನೇನೋ ಹೇಳುತ್ತಿದ್ದೆ.

"ಸಾಕು ಕಣೇ. ನೀನು ಆವತ್ತು ನೋಡಿದ್ದು ಇವನನ್ನೇ."

ಹೌದು. ಅದೇ ಬೆನ್ನು.

ಬಸ್ ನಿಲ್ದಾಣದಲ್ಲಿ ಚೀಲ ಹಿಡಿದು ಶೌಚಾಲಯಕ್ಕೆ ಹೋದಳು. ಹೊರಗೆ ಬಂದಾಗ ಸೊಂಟದಿಂದ ಕೆಳಗೆ ಕತ್ತಲಾಗಿದ್ದಳು. ಈಗ ಯಾರೂ ಅವಳನ್ನು ನೋಡಲಿಲ್ಲ. ಕೈಯಲ್ಲಿದ್ದ ಮಡಚಿದ ಬಟ್ಟೆಯೊಂದನ್ನು ನನಗೆ ಕೊಟ್ಟಳು. ಕೆಂಪು ಲಂಗವನ್ನು ನನ್ನ ಬಳಿ ಬಿಟ್ಟುಹೋಗುತ್ತಾಳೆ ಅಂದುಕೊಂಡು ಬಿಡಿಸಿದೆ. ಕಡುನೀಲಿ, ಕಪ್ಪು. ನನ್ನ ಉದ್ದಕ್ಕೆ.

"ಎರಡು ನೇಯ್ದಿದ್ದೆ," ಎಂದಳು ಅಮ್ಮ. "ಅಳತೆ ಹಳೇದು. ಬಿಗಿಯಾದ್ರೆ ಸೊಂಟ ಬಿಚ್ಚಿ ಹೊಲ್ಕೋ."

ಅಲ್ಲೇ ಪ್ಯಾಂಟಿನ ಮೇಲೆ ಸುತ್ತಿಕೊಂಡೆ. ಬಿಗಿಯಾಗಿರಲಿಲ್ಲ. ಮಡಿಕೆ ಮಡಿಕೆಯಲ್ಲೂ ಹುಡುಕಿದೆ, ಎಲ್ಲಾದರೂ ಒಂದು ಕೆಂಪು ಎಳೆಯನ್ನು ಅವಳು ಮರೆತು ಬಿಟ್ಟಿರಬಹುದು ಎಂದು. ಬಿಟ್ಟಿರಲಿಲ್ಲ. ಬಸ್ಸು ಹೊರಟಾಗ ಅಮ್ಮ ಕಿಟಕಿಯಿಂದ ನನ್ನ ಮುಖ ನೋಡಲಿಲ್ಲ. ಲಂಗದ ಅಂಚು ನೆಟ್ಟಗಿದೆಯೇ ಎಂದು ನೋಡಿ, ತಲೆಯಾಡಿಸಿದಳು.